ಗೊರಬಿನಡಿಯ ಗದ್ದೆ: ಭೂಕಂಪದ ನಂತರ ನೋತೊ ಕರಾವಳಿಯ ಲೆಕ್ಕಾಚಾರ

ಜಪಾನಿನ ನೋತೊ ಪರ್ಯಾಯದ್ವೀಪದಲ್ಲಿ ಒಂದು ಹಳೆಯ ಕತೆ ಹೇಳುತ್ತಾರೆ. ಕಡಲಿಗೆ ಇಳಿಯುವ ಗುಡ್ಡದ ಓರೆಯಲ್ಲಿ ಒಬ್ಬ ರೈತನಿಗೆ ಮೆಟ್ಟಿಲು ಗದ್ದೆಗಳಿದ್ದವು. ಕೆಲಸ ಮುಗಿಸಿ ಮನೆಗೆ ಹೊರಡುವ ಮುಂಚೆ ಗದ್ದೆಗಳನ್ನು ಎಣಿಸಿದ. ಲೆಕ್ಕ ಕೂಡಲಿಲ್ಲ. ಮತ್ತೆ ಎಣಿಸಿದ, ಮತ್ತೂ ಕಡಿಮೆಯೇ ಬಂತು. ಹಾಳಾಗಿ ಹೋಗಲಿ ಎಂದು ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಹುಲ್ಲಿನ ಗೊರಬನ್ನು ಎತ್ತಿಕೊಂಡರೆ, ಕಾಣೆಯಾದ ಗದ್ದೆ ಅದರಡಿಯಲ್ಲೇ ಇತ್ತು.

ಆ ಗದ್ದೆಗಳು ಇರುವುದು ವಾಜಿಮ ಪಟ್ಟಣದ ಹತ್ತಿರ. ಶಿರೊಯೊನೆ ಸೆನ್‌ಮೈದ ಎಂದು ಹೆಸರು. ಸೆನ್‌ಮೈದ ಅಂದರೆ ಸಾವಿರ ಗದ್ದೆ. ಸುಮಾರು ಹತ್ತು ಎಕರೆ ಇಳಿಜಾರಿನಲ್ಲಿ 1,004 ತುಂಡುಗಳಿವೆ, ಕೊನೆಯ ಮೆಟ್ಟಿಲು ಅಲೆಯ ಅಂಚಿನವರೆಗೆ ಹೋಗಿ ನಿಲ್ಲುತ್ತದೆ. ಯಂತ್ರ ತಿರುಗಿಸಲು ಜಾಗವಿಲ್ಲ, ನಾಟಿಯಿಂದ ಕೊಯ್ಲಿನವರೆಗೆ ಕೈಯದೇ ಕೆಲಸ. 2024ರ ಜನವರಿ 1ರ ಭೂಕಂಪದಲ್ಲಿ ಇಲ್ಲಿನ ಬದುಗಳು ಬಿರಿದವು, ನೀರಿನ ದಾರಿ ಕಡಿಯಿತು. ಆ ವರ್ಷ ಊರವರು ಹೇಗೋ ಮಾಡಿ 120 ಗದ್ದೆಗಳಲ್ಲಿ ಮಾತ್ರ ನಾಟಿ ಮುಗಿಸಿದರು. ಸೆಪ್ಟೆಂಬರಿನಲ್ಲಿ ಭಾರಿ ಮಳೆ ಬಂದು ಗುಡ್ಡ ಮತ್ತೆ ಜಾರಿತು. ಮರುವರ್ಷ ಹಿಂದಿನದರ ಎರಡರಷ್ಟು ಗದ್ದೆಗಳಲ್ಲಿ ಪೈರು ನಿಂತಿತು.

ಇಂಥ ಊರುಗಳನ್ನು ಮತ್ತೆ ಕಟ್ಟಬೇಕೆ, ಕಟ್ಟುವುದಾದರೆ ಎಲ್ಲಿ, ಎಷ್ಟು ಜನರಿಗಾಗಿ, ಯಾರ ದುಡ್ಡಿನಲ್ಲಿ ಎಂಬ ಚರ್ಚೆ ಜಪಾನಿನಲ್ಲಿ ಭೂಕಂಪವಾದ ಕೆಲವೇ ತಿಂಗಳಲ್ಲಿ ಶುರುವಾಯಿತು, ಇನ್ನೂ ಮುಗಿದಿಲ್ಲ. ತಲೆ ಎಣಿಸಿ, ತಲೆಗೆ ತಗಲುವ ಖರ್ಚು ಗುಣಿಸಿ, ಉತ್ತರ ಹೇಳಿಬಿಡುವುದು ಸುಲಭ. ಆದರೆ ನೋತೊವಿನ ವಿಷಯದಲ್ಲಿ ಎಣಿಕೆ ಎಂದೂ ಸರಿಯಾಗಿ ಕೂಡಿಲ್ಲ. ಇಲ್ಲಿ ಗೊರಬಿನ ಅಡಿಯಲ್ಲಿ ಉಳಿದುಬಿಡುವ ಪಾಲೇ ದೊಡ್ಡದು. ಅದು ಯಾಕೆ ಎಂದು ತಿಳಿಯಬೇಕಾದರೆ ಈ ಕರಾವಳಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಜಪಾನಿನ ಮುಖ್ಯ ದ್ವೀಪ ಹೊನ್ಶು. ಅದರ ಪಶ್ಚಿಮದ ಅಂಚಿನಿಂದ ಜಪಾನ್ ಸಮುದ್ರದೊಳಕ್ಕೆ ಸುಮಾರು 100 ಕಿಲೋಮೀಟರ್ ಚಾಚಿ, ತುದಿಯಲ್ಲಿ ಬಾಗಿದ ಬೆರಳಿನಂತೆ ಕಾಣುವ ನೆಲವೇ ನೋತೊ. ಆಡಳಿತದ ಲೆಕ್ಕದಲ್ಲಿ ಇಶಿಕಾವ ಪ್ರಾಂತದ ಉತ್ತರ ಭಾಗ. ವಾಜಿಮ, ಸುಜು, ಅನಮಿಜು, ನೋತೊ ಪಟ್ಟಣ ಈ ನಾಲ್ಕೂ ಸೇರಿದ ತುದಿಯ ಸೀಮೆಯನ್ನು ಒಕುನೋತೊ, ಅಂದರೆ 'ಒಳನೋತೊ' ಎನ್ನುತ್ತಾರೆ. ಭೂಕಂಪಕ್ಕೆ ಮುಂಚೆ ನಾಲ್ಕೂ ಕಡೆ ಸೇರಿ ಇದ್ದವರು ಸುಮಾರು 55 ಸಾವಿರ ಜನ. ಸುಜು ನಗರದಲ್ಲಿ ಅರ್ಧಕ್ಕಿಂತ ಹೆಚ್ಚಿನವರು 65 ದಾಟಿದವರು. 1954ರಲ್ಲಿ ಸುಜು ನಗರವಾದಾಗ ಅಲ್ಲಿ 38 ಸಾವಿರದಷ್ಟು ಜನರಿದ್ದರು, ಭೂಕಂಪದ ಹೊತ್ತಿಗೆ ಅದರ ಮೂರನೇ ಒಂದು ಪಾಲು ಉಳಿದಿತ್ತು.

ಒಂದೇ ಪರ್ಯಾಯದ್ವೀಪವಾದರೂ ಎರಡು ಮಗ್ಗುಲಿನ ಸ್ವಭಾವ ಬೇರೆ ಬೇರೆ. ತೆರೆದ ಸಮುದ್ರದ ಕಡೆಯದು ಸೊತೊಉರ, ಹೊರದಡ. ಕೊಲ್ಲಿಯ ಕಡೆಯದು ಉಚಿಉರ, ಒಳದಡ. ಒಳದಡದಲ್ಲಿ ಕೆರೆಯಂಥ ನೀರು. ಹೊರದಡದಲ್ಲಿ ಚಳಿಗಾಲವಿಡೀ ಸೈಬೀರಿಯಾದ ಕಡೆಯಿಂದ ಗಾಳಿ ಹೊಡೆಯುತ್ತದೆ. ಅಲೆಗಳು ಬಂಡೆಗೆ ಬಡಿದು ಎದ್ದ ನೊರೆ ಹತ್ತಿಯಂತೆ ಹಾರಿ ಬರುವುದನ್ನು ಅಲ್ಲಿನವರು 'ಅಲೆಯ ಹೂವು' ಎಂದು ಕರೆಯುತ್ತಾರೆ. ಚಳಿಗಾಲದ ಗುಡುಗಿಗೂ ಅವರಲ್ಲಿ ಹೆಸರಿದೆ. ಬುರಿ ಮೀನು ದಡಕ್ಕೆ ಬರುವ ಹೊತ್ತಿಗೆ ಗುಡುಗುವುದರಿಂದ ಅದು 'ಬುರಿಯನ್ನು ಎಬ್ಬಿಸುವ ಗುಡುಗು'. ಹೊರದಡದ ಒಜಾವ, ಕಾಮಿ ಒಜಾವ ಎಂಬ ಹಳ್ಳಿಗಳಲ್ಲಿ ಮನೆಗಳ ಮುಂದೆ ಎರಡಾಳೆತ್ತರಕ್ಕೂ ಹತ್ತಿರ ಸಪೂರ ಬಿದಿರನ್ನು ಒತ್ತೊತ್ತಾಗಿ ನೆಟ್ಟು ಬೇಲಿ ಕಟ್ಟುತ್ತಾರೆ, ಗಾಳಿ ಸೋಸಿಕೊಂಡು ಒಳಬರಲೆಂದು. ಗೋಡೆ ಕಟ್ಟಿದರೆ ಗಾಳಿ ಅದನ್ನು ಕೆಡವುತ್ತದೆ, ಬಿದಿರಾದರೆ ಬಾಗಿ ನಿಲ್ಲುತ್ತದೆ. ಮನೆಯ ಮೇಲೆ ಹೊಳೆಯುವ ಕರಿ ಹೆಂಚು. ಹಿಮ ಜಾರಿ ಬೀಳಬೇಕು, ಗಾಳಿಗೆ ಹಾರಬಾರದು, ಅದಕ್ಕೆ ಹೆಂಚು ನುಣುಪಾಗಿಯೂ ಭಾರವಾಗಿಯೂ ಇರಬೇಕು. ನೂರಾರು ವರ್ಷ ಗಾಳಿ ಹಿಮಗಳಿಂದ ಕಾಪಾಡಿದ ಅದೇ ಭಾರದ ಸೂರು ನೆಲ ನಡುಗಿದ ದಿನ ಹಳೆಯ ಮರದ ಕಂಬಗಳ ಮೇಲೆ ಕುಸಿಯಿತು. ಒಂದು ಅಪಾಯಕ್ಕೆ ಕಂಡುಕೊಂಡ ಉಪಾಯ ಇನ್ನೊಂದರ ಎದುರು ಸೋತಿತು.

ಹೊರಗಿನವರ ಕಣ್ಣಿಗೆ ಇದು ಬಡ ಮೂಲೆಯಾಗಿಯೇ ಕಾಣುತ್ತ ಬಂದಿದೆ. ಆದರೆ ನಕ್ಷೆಯನ್ನು ಕಡಲಿನ ಕಡೆಯಿಂದ ಓದಿದರೆ ಬೇರೆಯೇ ಚಿತ್ರ. 718ರಲ್ಲಿಯೇ ನೋತೊ ಒಂದು ಪ್ರತ್ಯೇಕ ಪ್ರಾಂತವಾಗಿತ್ತು. 748ರಲ್ಲಿ ಕವಿಯೂ ಅಧಿಕಾರಿಯೂ ಆಗಿದ್ದ ಒತೊಮೊ ನೊ ಯಾಕಮೊಚಿ ಇಲ್ಲೆಲ್ಲ ಸುತ್ತಾಡಿ ಸುಜುವಿನಿಂದ ದೋಣಿ ಹತ್ತಿದ್ದು ಅವನ ಪದ್ಯಗಳಲ್ಲೇ ದಾಖಲಾಗಿದೆ. ಸೋತೊ ಝೆನ್ ಪಂಥದ ಎರಡು ಮೂಲಮಠಗಳಲ್ಲಿ ಒಂದಾದ ಸೋಜಿಜಿ 1321ರಲ್ಲಿ ಸ್ಥಾಪನೆಯಾದದ್ದು ಇಲ್ಲಿನ ಮೊನ್‌ಜೆನ್‌ನಲ್ಲಿ. 1898ರ ಬೆಂಕಿಯ ನಂತರ ಅದರ ಕೇಂದ್ರ 1911ರಲ್ಲಿ ಯೊಕೊಹಾಮದ ಕಡೆಗೆ ಹೋಯಿತು. ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಒಸಾಕದಿಂದ ಹೊರಟು ಉತ್ತರದ ಎಜೊ ದ್ವೀಪದವರೆಗೆ, ಅಂದರೆ ಇಂದಿನ ಹೊಕ್ಕೈಡೊವರೆಗೆ, ದಾರಿಯುದ್ದಕ್ಕೂ ಕೊಂಡು ಮಾರುತ್ತ ಹೋಗುವ ಕಿತಮಾಎಬುನೆ ಹಡಗುಗಳಿಗೆ ನೋತೊ ಅರ್ಧದಾರಿಯ ತಂಗುದಾಣ. ಅಕ್ಕಿ, ಉಪ್ಪು, ಮೀನಿನ ಗೊಬ್ಬರ, ಕೊಂಬು ಪಾಚಿ, ಬಟ್ಟಲು ಎಲ್ಲ ಈ ದಡ ಮುಟ್ಟಿಯೇ ಹೋಗುತ್ತಿದ್ದವು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇವತ್ತಿನ ಚರ್ಚೆಯ ಬೇರು ಅದರಲ್ಲಿದೆ. ಆಗ ನೋತೊವನ್ನು ಆಳುತ್ತಿದ್ದ ಕಾಗ ಸಂಸ್ಥಾನದ ಹಳೆಯ ಕಂದಾಯ ಕಡತಗಳಲ್ಲಿ ಜಮೀನಿಲ್ಲದವರನ್ನು 'ಅತಮಾಫುರಿ' ಎಂದು ಬರೆದಿರುತ್ತಾರೆ. ಜಪಾನಿನ ಬೇರೆ ಕಡೆ ಇಂಥವರಿಗೆ 'ಮಿಜುನೊಮಿ' ಎಂಬ ಹೆಸರು, ಅಂದರೆ ನೀರು ಕುಡಿದು ಬದುಕುವವರು. ವಾಜಿಮದಲ್ಲಿ ಹೆಚ್ಚುಪಾಲು ಮನೆಗಳು ಈ ವರ್ಗಕ್ಕೆ ಸೇರಿದ್ದವು. ಕಡತ ನೋಡಿದವರೆಲ್ಲ ಅದನ್ನು ಕಡುಬಡವರ ಊರೆಂದೇ ತಿಳಿದರು. ಇತಿಹಾಸಕಾರ ಅಮಿನೊ ಯೊಶಿಹಿಕೊ ಮತ್ತು ಜೊತೆಗಾರರು ಒಕುನೋತೊದ ತೊಕಿಕುನಿ ಮನೆತನದ ಕಾಗದಪತ್ರಗಳನ್ನು ವರ್ಷಗಟ್ಟಲೆ ಕೂತು ಓದಿದಾಗ ವಿಷಯ ತಲೆಕೆಳಗಾಯಿತು. 'ಜಮೀನಿಲ್ಲದವರು' ಎಂದು ಬರೆದವರಲ್ಲಿ ಹಡಗಿನ ಮಾಲೀಕರಿದ್ದರು, ಸಗಟು ವ್ಯಾಪಾರಿಗಳಿದ್ದರು, ಸಾಲ ಕೊಡುವಷ್ಟು ಉಳ್ಳವರಿದ್ದರು, ಕುಶಲಕರ್ಮಿಗಳಿದ್ದರು. ಅವರಿಗೆ ಹೊಲ ಇರಲಿಲ್ಲ, ಹೊಲದ ಗರಜೂ ಇರಲಿಲ್ಲ. ಕಂದಾಯದ ಕಣ್ಣಿಗೆ ಗದ್ದೆ ಮಾತ್ರ ಕಾಣುತ್ತಿದ್ದುದರಿಂದ ಕಡಲಿನ ಸಂಪತ್ತು ಸೊನ್ನೆ ಎಂದು ದಾಖಲಾಯಿತು. ನನ್ನ ಮಟ್ಟಿಗೆ ನೋತೊವಿನ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿಲ್ಲ. ಸರ್ಕಾರ ಯಾವುದನ್ನು ಎಣಿಸಬೇಕೆಂದು ಗೊತ್ತುಮಾಡಿಕೊಳ್ಳುತ್ತದೋ ಅದರ ಹೊರಗೆ ಇರುವ ಬದುಕು ಬಡತನವಾಗಿ ಕಾಣುತ್ತದೆ.

ರೈಲು, ಕಾರ್ಖಾನೆ, ದೊಡ್ಡ ಬಂದರು ಎಲ್ಲ ಪೆಸಿಫಿಕ್ ಕಡೆಗೆ ಬಂದ ಮೇಲೆ ಈ ಬದಿಗೆ 'ಉರ ನಿಹೊನ್', ಹಿಂಬದಿಯ ಜಪಾನ್, ಎಂಬ ಹೆಸರು ಬಿತ್ತು. ಗಂಡಸರು ಚಳಿಗಾಲದಲ್ಲಿ ದೂರದ ಸಾಕೆ, ಅಂದರೆ ಅಕ್ಕಿಯ ಮದ್ಯದ, ಭಟ್ಟಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ನೋತೊದ ಸಾಕೆ ತಯಾರಕರಿಗೆ ಇಂದಿಗೂ ದೇಶದಲ್ಲೆಲ್ಲ ಹೆಸರಿದೆ. ಆಮೇಲೆ ಹೋದವರು ಮರಳದಾದರು. ಅನಮಿಜುವಿನಿಂದ ವಾಜಿಮಕ್ಕೆ ಹೋಗುತ್ತಿದ್ದ ರೈಲು 2001ರಲ್ಲಿ, ಸುಜು ಕಡೆಯ ಮಾರ್ಗ 2005ರಲ್ಲಿ ನಿಂತವು. 2003ರಲ್ಲಿ ವಿಮಾನ ನಿಲ್ದಾಣ ಬಂತು. ಅದೇ ವರ್ಷದ ಕೊನೆಗೆ ಸುಜುವಿನಲ್ಲಿ ಅಣುವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯನ್ನು ಮೂರು ವಿದ್ಯುತ್ ಕಂಪನಿಗಳು ಕೈಬಿಟ್ಟವು. ಹೆಚ್ಚುಕಡಿಮೆ ಮೂರು ದಶಕ ಆ ಯೋಜನೆ ಊರನ್ನು ಎರಡು ಹೋಳು ಮಾಡಿತ್ತು. ಸ್ಥಾವರಕ್ಕೆಂದು ಗೊತ್ತುಮಾಡಿದ್ದ ಜಾಗಗಳಲ್ಲಿ ತಕಾಯ ಒಂದು. 2024ರಲ್ಲಿ ಅಲ್ಲಿನ ಕಡಲಂಚೇ ಮೇಲೆದ್ದು, ರಸ್ತೆಗಳು ಕಡಿದು, ಊರು ಹೊರಗಿನ ಸಂಪರ್ಕವಿಲ್ಲದೆ ಉಳಿಯಿತು. ಅಂದು ಬೇಡವೆಂದು ಕೂತ ಮೀನುಗಾರರಿಗೂ ರೈತರಿಗೂ ಇಡೀ ಜಪಾನ್ ಋಣಿಯಾಗಿರಬೇಕು.

ಭೂಕಂಪ ಹೇಳದೆ ಬಂದದ್ದಲ್ಲ. 2020ರ ಕೊನೆಯಿಂದಲೇ ಸುಜುವಿನ ನೆಲ ಆಗಾಗ ನಡುಗುತ್ತಿತ್ತು. ಆಳದಿಂದ ದ್ರವ ಮೇಲೇರಿ ಬಿರುಕುಗಳನ್ನು ಸಡಿಲಿಸುತ್ತಿದೆ ಎಂದು ವಿಜ್ಞಾನಿಗಳು ವಿವರಿಸಿದ್ದರು. 2023ರ ಮೇ 5ರಂದು 6.5ರ ಪ್ರಮಾಣದ ಭೂಕಂಪವಾಗಿ ಸುಜುವಿನಲ್ಲಿ ಮನೆಗಳು ಬಿದ್ದವು. ಜನ ಸೂರಿಗೆ ನೀಲಿ ಟಾರ್ಪಾಲು ಹೊದಿಸಿ ರಿಪೇರಿಗೆ ಕಾದಿದ್ದರು. 2024ರ ಹೊಸವರ್ಷದ ದಿನ ಸಂಜೆ 4 ಗಂಟೆ 10 ನಿಮಿಷಕ್ಕೆ 7.6ರ ಕಂಪನ. ಒಡೆದ ಸ್ತರಭಂಗ ಸುಮಾರು 150 ಕಿಲೋಮೀಟರ್ ಉದ್ದ. ಹೊಸವರ್ಷಕ್ಕೆ ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದಿದ್ದರು, ವರ್ಷದಲ್ಲಿ ಮನೆಗಳು ತುಂಬಿರುವ ಕೆಲವೇ ದಿನಗಳಲ್ಲಿ ಅದೊಂದು. ನೇರವಾಗಿ ಸತ್ತವರು 228 ಜನ. ಆಮೇಲೆ ಆಶ್ರಯ ಶಿಬಿರಗಳ ಚಳಿಯಲ್ಲಿ, ಔಷಧಿ ಆರೈಕೆ ತಪ್ಪಿ, ಊರು ಬಿಟ್ಟ ಆಯಾಸದಲ್ಲಿ ತೀರಿಕೊಂಡವರ ಸಂಖ್ಯೆ ಅದನ್ನೂ ಮೀರಿತು. ವಾಜಿಮದ ಬೆಳಗಿನ ಸಂತೆಬೀದಿ ಸುಟ್ಟು ಬೂದಿಯಾಯಿತು.

ಆ ದಿನ ಕಡಲಂಚಿನಲ್ಲಿ ಆದದ್ದು ಅದಕ್ಕಿಂತ ವಿಚಿತ್ರ. ನೋತೊದ ಉತ್ತರ ದಡ 80 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಮೇಲೆದ್ದಿತು, ಕೆಲವು ಕಡೆ 4 ಮೀಟರಿನಷ್ಟು. ಕಡಲು 200 ಮೀಟರ್ ಹಿಂದಕ್ಕೆ ಹೋದ ಜಾಗಗಳೂ ಇವೆ. ಮೀನು ಬಂದರಿನ ಕಟ್ಟೆ ನಿಂತಲ್ಲೇ ನಿಂತಿದೆ, ದೀಪದ ಕಂಬವೂ ಇದೆ, ನಡುವೆ ನೀರು ಮಾತ್ರ ಇಲ್ಲ. ನಿನ್ನೆಯವರೆಗೆ ನೀರಿನಡಿ ಇದ್ದ ಬಂಡೆಗಳು ಬಿಸಿಲಿಗೆ ಬೆಳ್ಳಗಾಗಿ, ಅವಕ್ಕೆ ಹತ್ತಿದ ಪಾಚಿ ಒಣಗಿ, ಚಿಪ್ಪುಗಳು ಬಾಯಿ ತೆರೆದು ಬಿದ್ದವು. ಭೂವಿಜ್ಞಾನಿಗಳಿಗೆ ಇದು ಹೊಸ ಕತೆಯೇನಲ್ಲ. ಈ ದಡದಲ್ಲಿ ಮೆಟ್ಟಿಲಿನಂಥ ಮೂರು ಹಳೆಯ ಹಂತಗಳನ್ನು ಅವರು ಮೊದಲೇ ಗುರುತಿಸಿದ್ದರು, ಕಳೆದ ಕೆಲವು ಸಾವಿರ ವರ್ಷಗಳಲ್ಲಿ ನೆಲ ಹೀಗೆಯೇ ಎದ್ದದ್ದರ ಗುರುತು. ಈಗ ಇನ್ನೊಂದು ಮೆಟ್ಟಿಲು ಸೇರಿತು. ಹಳ್ಳಿಗಳು ಕೂತಿರುವ ಸಪಾಟು ನೆಲವೇ ಹಿಂದೊಮ್ಮೆ ಕಡಲ ತಳವಾಗಿತ್ತು. ಈ ಊರುಗಳಿಗೆ ನೆಲ ಕೊಟ್ಟದ್ದೂ ಭೂಕಂಪವೇ, ಈಗ ಬಂದರನ್ನು ಕಿತ್ತುಕೊಂಡದ್ದೂ ಅದೇ.

ಇಶಿಕಾವದ 69 ಮೀನು ಬಂದರುಗಳಲ್ಲಿ 60ಕ್ಕೆ ಏಟು ಬಿತ್ತು. ವಾಜಿಮ ಬಂದರಿನಲ್ಲಿ 200ರಷ್ಟು ದೋಣಿಗಳು ತಳ ತಾಗಿ ಕೂತವು, ಹೂಳೆತ್ತಿ ಹೊರಗೆ ತರಲು ತಿಂಗಳುಗಳೇ ಬೇಕಾದವು. ವಾಜಿಮದ ಅಮ ಹೆಂಗಸರು ಉಸಿರು ಕಟ್ಟಿ ಮುಳುಗಿ ಚಿಪ್ಪು, ಪಾಚಿ ಕೀಳುವವರು, ಬೇಸಿಗೆಯಲ್ಲಿ ಹೆಗುರ ದ್ವೀಪದವರೆಗೆ ಹೋಗುವವರು. ಅವರಿಗೆ ಯಾವ ಬಂಡೆಯ ಯಾವ ಸಂದಿನಲ್ಲಿ ಏನಿದೆ ಎಂಬುದು ಅಮ್ಮ, ಅಜ್ಜಿಯಿಂದ ಬಂದ ತಿಳಿವಳಿಕೆ. ಆ ಬಂಡೆಗಳೇ ಜಾಗ ಬದಲಿಸಿದವು. 'ಗಂಡನೊಬ್ಬನನ್ನೋ ಇಬ್ಬರನ್ನೋ ಸಾಕಲಾರದವಳು ಹೆಂಗಸೇ ಅಲ್ಲ' ಎಂಬ ಧಾಟಿಯ ಮಾತು ವಾಜಿಮದಲ್ಲಿ ಉಂಟು. ಬೆಳಗಿನ ಸಂತೆಯಲ್ಲಿ ಮೀನು, ತರಕಾರಿ ಹರಡಿಕೊಂಡು 'ಕೊಳ್ಳಿರವ್ವಾ' ಎನ್ನುವ ದನಿಯಲ್ಲಿ ಕೂಗಿ ಕರೆಯುತ್ತಿದ್ದವರೂ ಇಂಥವರೇ. ಬೀದಿ ಸುಟ್ಟ ಮೂರೇ ತಿಂಗಳಲ್ಲಿ, ಮಾರ್ಚಿಗೆ, ಕನಜಾವ ನಗರದ ಬಂದರಿನ ಬಳಿ ಅವರು 'ಹೊರಟು ಬಂದ ಸಂತೆ' ಶುರುಮಾಡಿದರು. ಯಾವ ಪುನರ್ವಸತಿ ಯೋಜನೆಯೂ ಅಷ್ಟು ಬೇಗ ಕಾಲೂರಿರಲಿಲ್ಲ.

ಸುಜುವಿನ ಉಪ್ಪಿನ ಕತೆಯೂ ಕಡಲಂಚಿನದೇ. ಇಲ್ಲಿ ಉಳಿದಿರುವುದು ಅಗೆಹಾಮ ಪದ್ಧತಿ. ನಮ್ಮ ಗೋಕರ್ಣದ ಸಾಣಿಕಟ್ಟೆಯ ಆಗರಗಳಲ್ಲಿ ಉಬ್ಬರದ ನೀರನ್ನು ಗದ್ದೆಯೊಳಗೆ ಬಿಟ್ಟುಕೊಳ್ಳುತ್ತಾರಲ್ಲ, ಅದಕ್ಕೆ ಬೇಕಾದ ಸಪಾಟು ಅಳಿವೆ ನೋತೊದ ಹೊರದಡದಲ್ಲಿಲ್ಲ. ಬಿಸಿಲಿಗೂ ಬರ. ಹಾಗಾಗಿ ಕೊಡದಲ್ಲಿ ಕಡಲ ನೀರು ಹೊತ್ತು ತಂದು, ಮೇಲ್ದಂಡೆಯಲ್ಲಿ ಜೇಡಿ ಬಡಿದು ಮರಳು ಹಾಸಿದ ಅಂಗಳಕ್ಕೆ ಮರದ ಪಾತ್ರೆಯಿಂದ ಎರಚುತ್ತಾರೆ. ನೀರು ಮಂಜಿನ ಹಾಗೆ ಹರಡಿ ಬೀಳಬೇಕು, ಒಂದೇ ಕಡೆ ಸುರಿದರೆ ಮರಳು ಕೆಡುತ್ತದೆ. 'ನೀರು ಹೊರಲು ಮೂರು ವರ್ಷ, ಎರಚಲು ಹತ್ತು ವರ್ಷ' ಎಂಬುದು ಅವರ ಗಾದೆ. ಒಣಗಿದ ಮರಳನ್ನು ಕೆರೆದು, ಪೆಟ್ಟಿಗೆಗೆ ತುಂಬಿ, ಮೇಲಿಂದ ಕಡಲ ನೀರು ಸುರಿದು, ಕೆಳಗೆ ಇಳಿಯುವ ಗಟ್ಟಿ ಉಪ್ಪುನೀರನ್ನು ಕಟ್ಟಿಗೆ ಒಲೆಯ ಮೇಲೆ ಕುದಿಸಿ ಇಂಗಿಸುತ್ತಾರೆ. ಕಾಗ ಸಂಸ್ಥಾನ ಈ ಜನರಿಗೆ ಅಕ್ಕಿ ಮುಂಗಡ ಕೊಟ್ಟು ಉಪ್ಪು ವಸೂಲು ಮಾಡುತ್ತಿತ್ತು. ಉಪ್ಪಿಗೆ ಕಟ್ಟಿಗೆ ಬೇಕು, ಕಟ್ಟಿಗೆಗೆ ಕಾಡು ಬೇಕು, ಕಾಡಿನ ಕೆಳಗೆ ಗದ್ದೆಗೆ ನೀರು. ಒಂದೇ ಮನೆಯವರು ಬೇಸಿಗೆಯಲ್ಲಿ ಉಪ್ಪು, ಮಳೆಯಲ್ಲಿ ಗದ್ದೆ, ಚಳಿಯಲ್ಲಿ ಹೊರಗಿನ ಕೂಲಿ ಮಾಡಿ ವರ್ಷ ತುಂಬಿಸುತ್ತಿದ್ದರು. 2011ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 'ನೋತೊದ ಸತೊಯಾಮ, ಸತೊಉಮಿ'ಯನ್ನು ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿದ್ದು ಈ ಹೆಣಿಗೆಯನ್ನೇ. ಸತೊ ಅಂದರೆ ಊರು, ಯಾಮ ಬೆಟ್ಟ, ಉಮಿ ಕಡಲು. ಮಲೆನಾಡಿನವರು ಅಡಿಕೆ ತೋಟಕ್ಕೂ ಸೊಪ್ಪಿನ ಬೆಟ್ಟಕ್ಕೂ ಇರುವ ನಂಟನ್ನು ನೆನೆದರೆ ಸತೊಯಾಮ ಏನೆಂದು ಥಟ್ಟನೆ ಹೊಳೆಯುತ್ತದೆ.

ಭೂಕಂಪದ ಮೇಲೆ ಉಪ್ಪಿನಂಗಳದ ಮುಂದಿನ ಕಡಲು ದೂರ ಸರಿಯಿತು. ಆದರೂ ನೀರು ತಂದು ಎರಚುವುದನ್ನು ಅವರು ಬಿಡಲಿಲ್ಲ.

ವಾಜಿಮದ ಉರುಶಿ ಬಟ್ಟಲಿನ ಬಗ್ಗೆ ಬರೆಯುವ ಮುಂಚೆ ಒಂದು ಗೊಂದಲ ತೆಗೆಯಬೇಕು. ಚನ್ನಪಟ್ಟಣದ ಬೊಂಬೆಗೆ ಹಚ್ಚುವುದು ಅರಗು, ಕೀಟದಿಂದ ಬರುವಂಥದ್ದು. ಉರುಶಿ ಮರದ ಸೊನೆ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ನಾವು ಎರಡನ್ನೂ ಒಂದೇ ಎಂದುಕೊಳ್ಳುತ್ತೇವೆ. ಉರುಶಿ ಮರ ನಮ್ಮ ಗೇರು, ಮಾವಿನ ಕುಲದ್ದು. ಹಸಿ ಗೇರುಬೀಜದ ಸೊನೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುವ ಹಾಗೆಯೇ ಉರುಶಿ ತಾಗಿದರೂ ತುರಿಕೆ, ಬಾವು. ಅದು ಬಿಸಿಲಿಗೆ ಒಣಗುವುದಿಲ್ಲ, ತೇವದ ಗಾಳಿಯಲ್ಲಿ ಗಟ್ಟಿಯಾಗುತ್ತದೆ. ನೋತೊದ ತಂಪು, ಮಂಜು, ಥಂಡಿ ಎಲ್ಲ ಬೇರೆಯವರಿಗೆ ಪೀಡೆಯಾದರೆ ಈ ಕಸುಬಿಗೆ ಬಂಡವಾಳ.

ವಾಜಿಮದ ಬಟ್ಟಲು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಮರ ಕಡೆಯುವವರು ಬೇರೆ. ಅಂಚಿಗೂ ತಳಕ್ಕೂ ಬಟ್ಟೆ ಅಂಟಿಸಿ ಗಟ್ಟಿ ಮಾಡುವವರು ಬೇರೆ. ಅದರ ಮೇಲೆ 'ಜಿನೊಕೊ' ಎಂಬ ಸುಟ್ಟ ಮಣ್ಣಿನ ಪುಡಿಯನ್ನು ಉರುಶಿಯಲ್ಲಿ ಕಲಸಿ ಮೂರು ನಾಲ್ಕು ಸಲ ಬಳಿಯುತ್ತಾರೆ. ವಾಜಿಮದ ಗುಡ್ಡದಲ್ಲೇ ಸಿಗುವ ಈ ಮಣ್ಣು ಸೂಕ್ಷ್ಮ ಪಾಚಿಗಳ ಚಿಪ್ಪಿನದು, ಒಳಗೆಲ್ಲ ತೂತು ತೂತು, ಅದಕ್ಕೇ ಸೊನೆಯನ್ನು ಹೀರಿ ಕಲ್ಲಿನಂತಾಗುತ್ತದೆ. ಉಜ್ಜಿ ನಯಗೊಳಿಸುವವರು, ಕೊನೆಯ ಲೇಪ ಬಳಿಯುವವರು, ಚಿನ್ನದ ಪುಡಿಯ ಚಿತ್ತಾರ ಬರೆಯುವವರು, ಉಳಿಯಲ್ಲಿ ಕೆತ್ತಿ ಚಿನ್ನ ತುಂಬುವವರು, ಎಲ್ಲರದೂ ಬೇರೆ ಬೇರೆ ಮನೆ, ಬೇರೆ ಬೇರೆ ಅಂಗಳ. ನೂರಕ್ಕೂ ಹೆಚ್ಚು ಹಂತ ದಾಟಿ ಬಟ್ಟಲು ಸಿದ್ಧವಾಗುತ್ತದೆ. ಕೊನೆಯ ಲೇಪದವರಿಗೆ ಶತ್ರು ಧೂಳು. ಬಾಗಿಲು ಮುಚ್ಚಿ, ಉಸಿರನ್ನೂ ಹಿಡಿತದಲ್ಲಿಟ್ಟು ಬಳಿದ ಮೇಲೂ ಒಂದು ಕಣ ಕೂತರೆ ಅದನ್ನು ಸಪೂರ ಕಡ್ಡಿಯ ತುದಿಯಲ್ಲಿ ಎತ್ತಿ ತೆಗೆಯುತ್ತಾರೆ. ಆಮೇಲೆ ತೇವದ ಕಪಾಟಿನಲ್ಲಿಟ್ಟು, ಬಳಿದದ್ದು ಒಂದೇ ಕಡೆ ಇಳಿಯದಂತೆ ತಿರುಗಿಸುತ್ತ ಇರಬೇಕು. ಇದನ್ನೆಲ್ಲ ಒಗ್ಗೂಡಿಸಿ ಮಾರುವವನು ನುಶಿಯ. ಹಿಂದೆ ಈ ನುಶಿಯರು ಊರೂರು ತಿರುಗಿ ಮಾರುವಾಗ ಕೆಲವು ಮನೆಯವರನ್ನು ಸೇರಿಸಿ 'ವಾನ್ ಕೋ' ಕಟ್ಟುತ್ತಿದ್ದರು. ಎಲ್ಲರೂ ಕಂತು ಕೊಡುವುದು, ಸರದಿಯಲ್ಲಿ ಒಬ್ಬೊಬ್ಬರಿಗೆ ಬಟ್ಟಲು. ನಮ್ಮ ಚೀಟಿಯೇ, ದುಡ್ಡಿನ ಬದಲು ಪಾತ್ರೆ ಅಷ್ಟೇ. ಹೀಗೆ ದುಬಾರಿ ಪಾತ್ರೆ ಸಾಮಾನ್ಯ ರೈತರ ಮನೆಗೂ ಸೇರಿತು.

ಇಂಥ ಕಸುಬಿನಲ್ಲಿ 'ಹತ್ತರಲ್ಲಿ ಏಳು ಮನೆ ಉಳಿದರೆ ಸಾಕು' ಎನ್ನಲು ಬರುವುದಿಲ್ಲ. ಉಜ್ಜುವವರು ಕನಜಾವಕ್ಕೆ ಹೋಗಿ ನೆಲೆಸಿದರೆ ಕಡೆಯುವವರ ಕೈಕೆಲಸ ಮುಂದೆ ಸಾಗುವುದಿಲ್ಲ. ಸರಪಳಿಯ ನಡುವಿನ ಒಂದು ಕೊಂಡಿ ಹೋದರೆ ಉಳಿದದ್ದು ಸರಪಳಿಯಾಗಿ ಉಳಿಯುವುದಿಲ್ಲ. ಸುಟ್ಟ ಬೀದಿಯಲ್ಲಿ ಅಂಗಡಿ, ಕೆಲಸದ ಮನೆ, ತಲೆಮಾರುಗಳ ಹತ್ಯಾರ ಎಲ್ಲ ಹೋದವರಿದ್ದಾರೆ. ಕಸುಬುದಾರರಿಗೆ ತಾತ್ಕಾಲಿಕ ಕೆಲಸದ ಮನೆಗಳನ್ನು ಬೇಗ ಕೊಟ್ಟದ್ದು ಈ ಇಡೀ ಪುನರ್ವಸತಿಯಲ್ಲಿ ನನಗೆ ಕಂಡ ಒಳ್ಳೆಯ ನಿರ್ಧಾರಗಳಲ್ಲಿ ಒಂದು.

2024ರ ಏಪ್ರಿಲಿನಲ್ಲಿ ಜಪಾನಿನ ಹಣಕಾಸು ಸಚಿವರಿಗೆ ಸಲಹೆ ಕೊಡುವ ಮಂಡಳಿಯಲ್ಲಿ ಚರ್ಚೆಗೆ ಬಂದ ಮಾತಿನ ಸಾರ ಇಷ್ಟು: ಜನಸಂಖ್ಯೆ ಇಳಿಯುತ್ತಿರುವ ಸೀಮೆ ಇದು, ಮುಂದಿನ ಬೇಡಿಕೆ ಕಡಿಮೆಯಾಗುತ್ತದೆ, ರಸ್ತೆ ನೀರು ಸೇತುವೆಗಳ ನಿರ್ವಹಣೆಗೆ ಖರ್ಚಿದೆ, ಆದ್ದರಿಂದ ವಸತಿಯನ್ನು ಕೆಲವು ಕಡೆ ಒಟ್ಟುಗೂಡಿಸುವುದನ್ನೂ ಯೋಚಿಸಬೇಕು. ನೋತೊದಲ್ಲಿ ಸಿಟ್ಟು ಎದ್ದಿತು, ಇಶಿಕಾವದ ಗವರ್ನರ್ ಕೂಡ ಅಸಮಾಧಾನ ತೋಡಿಕೊಂಡರು. ಮಂಡಳಿಯ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಗುಡ್ಡ ಕುಸಿಯುವ ಹಾದಿಯ ಕೊನೆಗೆ ಐದು ಮನೆ, ಐದರಲ್ಲೂ ಎಂಬತ್ತು ದಾಟಿದವರು. ಆಂಬುಲೆನ್ಸ್ ಹೋಗಲು ದಾರಿಯಿಲ್ಲದೆ ಜೀವ ಹೋದರೆ ಊರಿನ ಅಭಿಮಾನ ಅದನ್ನು ಮರಳಿ ತರುವುದಿಲ್ಲ. ಜಾಗ ಬದಲಿಸಬೇಕಾದ ಹಳ್ಳಿಗಳು ಖಂಡಿತ ಇವೆ, ಅಲ್ಲಿನ ಕೆಲವರು ತಾವೇ ಹಾಗೆ ಕೇಳುತ್ತಲೂ ಇದ್ದಾರೆ.

ನನ್ನ ತಕರಾರು ಇರುವುದು ಅಳತೆಗೋಲಿನ ಬಗ್ಗೆ. ಜನರನ್ನು ಒಬ್ಬೊಬ್ಬರಾಗಿ ಎಣಿಸಿ ಒಬ್ಬೊಬ್ಬರಾಗಿ ಸಾಗಿಸಿದರೆ ಏನಾಗುತ್ತದೆ ಎಂದು ಜಪಾನಿಗೆ ಚೆನ್ನಾಗಿ ಗೊತ್ತು. 1995ರ ಕೋಬೆ ಭೂಕಂಪದ ನಂತರ ತಾತ್ಕಾಲಿಕ ಮನೆಗಳನ್ನು ಹೆಚ್ಚಾಗಿ ಲಾಟರಿ ಎತ್ತಿ ಹಂಚಿದರು. ನೆರೆಹೊರೆ ಚದುರಿತು, ಒಂಟಿ ಮುದುಕರು ಯಾರಿಗೂ ತಿಳಿಯದಂತೆ ಸತ್ತು ದಿನಗಳ ಮೇಲೆ ಪತ್ತೆಯಾದರು. 2004ರಲ್ಲಿ ನಿಗಾತದ ಯಾಮಕೊಶಿ ಎಂಬ ಬೆಟ್ಟದೂರು ಭೂಕಂಪಕ್ಕೆ ಸಿಕ್ಕಾಗ ಇಡೀ ಊರನ್ನೇ ಕೆಳಗಿಳಿಸಿದರು, ಆದರೆ ಕೇರಿ ಕೇರಿಯನ್ನು ಒಟ್ಟಿಗೇ ಇಟ್ಟರು. ಎರಡು ಮೂರು ವರ್ಷದ ಮೇಲೂ ಹೆಚ್ಚಿನವರು ಮರಳಿದರು. ಯಾಮಕೊಶಿಯಲ್ಲಿ ಆಮೇಲೂ ಜನಸಂಖ್ಯೆ ಇಳಿಯಿತು, ನಿಜ. ಆದರೆ ಊರನ್ನು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಲು ಅವರಿಗೆ ಒಂದು ಊರಾದರೂ ಉಳಿದಿತ್ತು.

ನೋತೊದಲ್ಲಿ ಎಷ್ಟೋ ತೀರ್ಮಾನಗಳನ್ನು ಯಾರೂ ತೆಗೆದುಕೊಳ್ಳಲಿಲ್ಲ, ವಿಳಂಬವೇ ತೆಗೆದುಕೊಂಡಿತು. ಸುಜುವಿನಲ್ಲಿ ನಲ್ಲಿ ನೀರು ಮರಳಲು ಸುಮಾರು ಐದು ತಿಂಗಳು ಹಿಡಿಯಿತು. ಅಷ್ಟು ದಿನ ನೀರಿಲ್ಲದಿದ್ದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆ ಎಷ್ಟು ಕಾಯಬಲ್ಲದು? ಜನವರಿಯಲ್ಲೇ ವಾಜಿಮದ ಸುಮಾರು 250 ಶಾಲಾ ಮಕ್ಕಳು ತಂದೆತಾಯಿಯರನ್ನು ಬಿಟ್ಟು ದೂರದ ಹಕುಸಾನ್ ನಗರಕ್ಕೆ ಹೋಗಬೇಕಾಯಿತು. ಬಿದ್ದ ಮನೆ ಕೆಡವಲು ಸರ್ಕಾರ ದುಡ್ಡು ಕೊಡುತ್ತದೆ, ಆದರೆ ಅದಕ್ಕೆ ಹಕ್ಕುದಾರರೆಲ್ಲರ ಒಪ್ಪಿಗೆ ಬೇಕು. ಪತ್ರ ನೋಡಿದರೆ ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ವಾರಸುದಾರರು ಒಸಾಕ, ಟೋಕಿಯೋಗಳಲ್ಲಿ ಹರಡಿದ್ದಾರೆ, ಕೆಲವರ ವಿಳಾಸವೇ ತಿಳಿಯದು. ಪೌತಿ ಖಾತೆಗಾಗಿ ತಾಲೂಕು ಕಚೇರಿ ಅಲೆದವರಿಗೆ ಈ ಗೋಳು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ನಿಯಮ ಸಡಿಲಿಸಿದರು, ಅಷ್ಟರಲ್ಲಿ ಒಂದು ಋತು ಕಳೆದಿತ್ತು.

ಸಪಾಟು ನೆಲ ಕಡಿಮೆ ಇರುವುದರಿಂದ ತಾತ್ಕಾಲಿಕ ಮನೆಗಳಲ್ಲಿ ಕೆಲವನ್ನು ಹೊಳೆಯ ದಂಡೆಯಲ್ಲಿ, ನೆರೆ ಬರಬಹುದೆಂದು ಮೊದಲೇ ಗುರುತಿಸಿದ ಜಾಗದಲ್ಲಿ ಕಟ್ಟಿದರು. ಸೆಪ್ಟೆಂಬರ್ 21ರಂದು ವಾಜಿಮದಲ್ಲಿ ಗಂಟೆಗೆ 121 ಮಿಲಿಮೀಟರಿನಷ್ಟು ಮಳೆ ಹೊಡೆಯಿತು, 24 ಗಂಟೆಯಲ್ಲಿ 412 ಮಿಲಿಮೀಟರ್. ಆಗುಂಬೆಯವರು ಈ ಅಂಕಿಗೆ ಬೆಚ್ಚಲಿಕ್ಕಿಲ್ಲ. ಆದರೆ ಒಂಬತ್ತು ತಿಂಗಳ ಹಿಂದೆ ಬುಡಸಮೇತ ಅಲುಗಿದ ಗುಡ್ಡದ ಮೇಲೆ ಅದು ಸುರಿಯಿತು. ಮಣ್ಣು, ಮರ ಎಲ್ಲ ಹೊಳೆಗೆ ಬಂದು ಸೇತುವೆಗೆ ಅಡ್ಡ ನಿಂತವು, ನೀರು ತಾತ್ಕಾಲಿಕ ಮನೆಗಳಿಗೆ ನುಗ್ಗಿತು. ಒಂದೇ ವರ್ಷದಲ್ಲಿ ಎರಡನೆಯ ಸಲ ಹಾಸಿಗೆ, ಪಾತ್ರೆ, ಫೋಟೋಗಳನ್ನು ಹೊರಗೆ ತಂದು ಗುಡ್ಡೆ ಹಾಕಿದವರಿದ್ದಾರೆ. ಮೊದಲನೆಯದು ಪ್ರಕೃತಿಯ ಕೆಲಸ. ಎರಡನೆಯದರಲ್ಲಿ ಮನುಷ್ಯರ ಪಾಲು ಇದೆ.

ಊರು ಅಂದರೆ ಏನು ಎಂಬುದನ್ನು ನೋತೊದವರು ತಮ್ಮದೇ ರೀತಿಯಲ್ಲಿ ಉತ್ತರಿಸುತ್ತಾರೆ. ಜುಲೈನಿಂದ ಅಕ್ಟೋಬರಿನವರೆಗೆ ಈ ಪರ್ಯಾಯದ್ವೀಪದ 200ರಷ್ಟು ಕಡೆ ಕಿರಿಕೊ ಹಬ್ಬ ನಡೆಯುತ್ತದೆ. ಕಿರಿಕೊ ಎಂದರೆ ನಿಲುಗಂಬದಂಥ ಕಾಗದದ ದೊಡ್ಡ ದೀಪ, ದೇವರ ಪಲ್ಲಕ್ಕಿಗೆ ದಾರಿ ತೋರುವಂಥದ್ದು. ಇಶಿಜಾಕಿಯಲ್ಲಿ ಅದರ ಎತ್ತರ 15 ಮೀಟರ್, ತೂಕ 2 ಟನ್, ಹೊರಲು ನೂರು ಜನ ಬೇಕು. ಹೊಸವರ್ಷಕ್ಕೆ ಬಾರದವನೂ ಹಬ್ಬಕ್ಕೆ ಬರುತ್ತಾನೆ ಎನ್ನುತ್ತಾರೆ. ಹಬ್ಬದ ರಾತ್ರಿ ಪ್ರತಿ ಮನೆಯಲ್ಲಿ 'ಯೊಬರೆ', ಬಂಧುಗಳು, ಗೆಳೆಯರು, ಗೆಳೆಯರ ಗೆಳೆಯರು ಎಲ್ಲರಿಗೂ ಊಟ. ಬಟ್ಟಲುಗಳು ಅಟ್ಟದಿಂದ ಇಳಿಯುವುದು ಆಗಲೇ. ವಾಜಿಮದ ಬಟ್ಟಲಿಗೆ ನೋತೊದೊಳಗೇ ಇಷ್ಟು ಬೇಡಿಕೆ ಇದ್ದದ್ದು ಈ ಊಟದಿಂದ. 2024ರ ಜುಲೈ 5 ಮತ್ತು 6ರಂದು, ಅರ್ಧ ಊರು ಇನ್ನೂ ಮುರಿದುಬಿದ್ದಿರುವಾಗ, ಉಶಿತ್ಸು ಪಟ್ಟಣದವರು ತಮ್ಮ ಅಬರೆ ಹಬ್ಬ ನಡೆಸಿದರು. ಬೇರೆ ಬೇರೆ ಊರುಗಳಿಗೆ ಚದುರಿದವರು ಅದಕ್ಕಾಗಿ ಬಂದರು. ಜನಗಣತಿಯಲ್ಲಿ ಇವರು ಕನಜಾವದವರು, ಒಸಾಕದವರು. ಹೆಗಲು ಕೊಡುವಾಗ ಉಶಿತ್ಸುವಿನವರು. ಇವರನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಇನ್ನೊಂದು ಆಚರಣೆಗೆ ಕಿರಿಕೊದಂಥ ಗದ್ದಲವಿಲ್ಲ, ಅದು ನಡೆಯುವುದು ಒಂದೊಂದು ಮನೆಯೊಳಗೆ. 'ಆಎ ನೊ ಕೊತೊ', 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಡಿಸೆಂಬರ್ 5ರಂದು ಮನೆಯ ಯಜಮಾನ ಮಡಿ ಉಡುಪು ತೊಟ್ಟು ಗದ್ದೆಗೆ ಹೋಗಿ, ಕಣ್ಣಿಗೆ ಕಾಣದ ಗದ್ದೆಯ ದೇವರನ್ನು ಕರೆದುಕೊಂಡು ಬರುತ್ತಾನೆ. ದೇವರು ದಂಪತಿ, ಇಬ್ಬರಿಗೂ ಕಣ್ಣು ಸರಿಯಾಗಿ ಕಾಣದು, ಭತ್ತದ ಸಸಿ ಚುಚ್ಚಿ ಹಾಗಾಯಿತೆಂದು ಹೇಳುವುದುಂಟು. ಹಾಗಾಗಿ ಪ್ರತಿ ಹೆಜ್ಜೆಗೂ ಬಾಯಿಬಿಟ್ಟು ಹೇಳಬೇಕು. ಹೊಸ್ತಿಲು ಇದೆ, ಜೋಪಾನ. ಬೆಂಕಿಯ ಹತ್ತಿರ ಕೂತು ಚಳಿ ಕಾಯಿಸಿಕೊಳ್ಳಿ. ಸ್ನಾನಕ್ಕೆ ನೀರು ಹದವಾಗಿದೆ. ಖಾಲಿ ಬಚ್ಚಲಿಗೆ ಅಷ್ಟೇ ಗೌರವದಿಂದ ಬೆನ್ನು ಬಾಗಿಸುತ್ತಾನೆ. ಆಮೇಲೆ ಬೀಜದ ಭತ್ತದ ಮೂಟೆಗಳ ಮುಂದೆ ಎರಡು ಎಡೆ. ಕೆಂಪು ಅವರೆ ಹಾಕಿದ ಅನ್ನ ಇದು, ಇದು ಮೀನು, ಇದು ಮೂಲಂಗಿ, ಇದು ಸಿಹಿ ಗಂಜಿ ಎಂದು ಒಂದೊಂದನ್ನೂ ಹೆಸರು ಹೇಳಿ ಬಡಿಸುತ್ತಾನೆ. ಕವಲೊಡೆದ ಜೋಡಿ ಮೂಲಂಗಿಯೂ ಎಡೆಯ ಮುಂದಿರುತ್ತದೆ. ದೇವರು ಚಳಿಗಾಲವೆಲ್ಲ ಮನೆಯಲ್ಲೇ ಇದ್ದು ಫೆಬ್ರವರಿ 9ರಂದು ಗದ್ದೆಗೆ ಮರಳುತ್ತಾನೆ.

ಅಂದರೆ, ಜನವರಿ 1ರಂದು ಸಂಜೆ ಭಾರದ ಕರಿ ಹೆಂಚುಗಳು ಇಳಿದು ಬಂದಾಗ ನೋತೊದ ಮನೆಗಳೊಳಗೆ ಗದ್ದೆಯ ದೇವರೂ ಇದ್ದರು.

ಇಶಿಕಾವ ಪ್ರಾಂತ ಕೆಲವು ಹಳ್ಳಿಗಳಲ್ಲಿ, ಜನ ಮೊದಲಿದ್ದ ಜಾಗಕ್ಕೆ ಹತ್ತಿರದಲ್ಲೇ, ಮರದ ಒಂಟಿಮನೆಗಳನ್ನು ಕಟ್ಟಿಸಿದೆ. ಹೆಸರಿಗೆ ತಾತ್ಕಾಲಿಕ, ಆದರೆ ಮುಂದೆ ಅಲ್ಲಿರುವವರಿಗೇ ಬಿಟ್ಟುಕೊಡುವ ಅಥವಾ ಸಾರ್ವಜನಿಕ ವಸತಿಯಾಗಿಸುವ ಎಣಿಕೆಯಲ್ಲಿ ಕಟ್ಟಿದವು. ಇಕ್ಕಟ್ಟಾದ ಮನೆಗಳು. ನಡುಮನೆಯಲ್ಲಿ ಬೆಂಕಿಗುಂಡಿ ಇಲ್ಲ, ದೊಡ್ಡ ಬಚ್ಚಲಿಲ್ಲ. ಆದರೆ ಬಾಗಿಲು ತೆರೆದರೆ ಪಕ್ಕದ ಮನೆಯವರು ಮೊದಲಿನವರೇ, ಎದುರಿಗೆ ಕಾಣುವುದು ತಮ್ಮದೇ ಗದ್ದೆ. ಡಿಸೆಂಬರಿನ ಸಂಜೆ ಅಲ್ಲಿಂದ ನಡೆದುಹೋಗಿ ದೇವರನ್ನು ಕರೆತರಬಹುದು. ಹೊಸ್ತಿಲು ಮೊದಲಿನ ಕಡೆ ಇಲ್ಲ ಎಂದು ಹೇಳಿ ಒಳಗೆ ಕರೆದುಕೊಳ್ಳಬೇಕು, ಅಷ್ಟೇ.